ಊಟ ಆಯ್ತಾ ಅಂದರೆ ಆಯ್ತು ಅನ್ನಬೇಕು

ಕನ್ನಡ ಬಾರದವರಿಗೆ ಕನ್ನಡ ಕಲಿಸಲು ಕೂತಾಗ ನಾನು ಅಕ್ಷರಮಾಲೆಯಿಂದ ಶುರು ಮಾಡುವುದಿಲ್ಲ. ಊಟದಿಂದ ಶುರು ಮಾಡುತ್ತೇನೆ. ನಾಗಮಂಗಲದ ಹೈಸ್ಕೂಲಿನಲ್ಲಿ ಮಕ್ಕಳ ಕಾಗುಣಿತ ತಿದ್ದಿ ತಿದ್ದಿ ನಿವೃತ್ತಳಾಗಿ, ಶ್ರೀರಂಗಪಟ್ಟಣದ ನಮ್ಮ ಹಳೆಯ ಬೀದಿಗೆ ವಾಪಸು ಬಂದ ಮೇಲೆ, ಸುಮ್ಮನೆ ಕೂರಲಾಗದೆ ಹಚ್ಚಿಕೊಂಡ ಕೆಲಸ ಇದು. ಪಾಂಡವಪುರದ ಬ್ಯಾಂಕುಗಳಿಗೆ ಉತ್ತರದ ಕಡೆಯಿಂದ ವರ್ಗವಾಗಿ ಬರುವ ಹುಡುಗರು, ಕೆ.ಆರ್. ಪೇಟೆ ಕಡೆ ಸಕ್ಕರೆ ಕಾರ್ಖಾನೆ ಕೆಲಸಕ್ಕೆ ಬರುವ ಎಂಜಿನಿಯರುಗಳು, ಇಂಥವರು ನನ್ನ ವಿದ್ಯಾರ್ಥಿಗಳು. ಬರುವಾಗಲೇ ಮೊಬೈಲು ನೋಡಿ ಒಂದಷ್ಟು ಕನ್ನಡ ಉರು ಹೊಡೆದಿರುತ್ತಾರೆ. 'ದಯವಿಟ್ಟು ನನಗೆ ಒಂದು ಲೋಟ ನೀರನ್ನು ಕೊಡುವಿರಾ' ಎನ್ನುತ್ತಾರೆ. ಹಾಗೆ ನೀರು ಕೇಳುವ ಮನುಷ್ಯನನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ.

ಊಟದ ಪಾಠ ಯಾಕೆ ಮೊದಲು ಅನ್ನುವುದಕ್ಕೆ ಕಾರಣ ಪಾಂಡವಪುರದ ಒಬ್ಬ ಬ್ಯಾಂಕ್ ಅಧಿಕಾರಿ. ಜಮೀನು ನೋಡಿಕೊಂಡು ಬರಲು ಒಂದು ಹಳ್ಳಿಗೆ ಹೋಗಿದ್ದ. ಹೊತ್ತು ನೆತ್ತಿಗೇರಿತ್ತು. ಎದುರು ಬಂದ ರೈತ ನಮ್ಮಲ್ಲಿ ಯಾರಾದರೂ ಕೇಳುವಂತೆ ಕೇಳಿದ, 'ಊಟ ಆಯ್ತಾ ಸಾ?' ಈ ಪುಣ್ಯಾತ್ಮ ಎದೆ ಮುಟ್ಟಿಕೊಂಡು, 'ಇಲ್ಲ, ಇನ್ನೂ ಆಗಿಲ್ಲ. ನನಗೆ ಬಹಳ ಹಸಿವು ಆಗಿದೆ' ಎಂದ. ಕೇಳಿದ ತಪ್ಪಿಗೆ ರೈತ ಅವನನ್ನು ಮನೆಗೆ ಕರೆದುಕೊಂಡು ಹೋದ. ಅಷ್ಟು ಹೊತ್ತಿಗೆ ಅವನ ಹೆಂಡತಿ ಪಾತ್ರೆ ತೊಳೆದು ಬೋರಲು ಹಾಕಿ ಗದ್ದೆಗೆ ಹೊರಟಿದ್ದಳು. ಮತ್ತೆ ಒಲೆ ಹಚ್ಚಿದಳು, ಮಂಕರಿ ಕೆಳಗಿದ್ದ ಕೋಳಿ ಹಿಡಿದು ಕುಯ್ಯಿಸಿದಳು, ಖಾರ ಅರೆದಳು. ಎಲ್ಲಾ ಬೆಂದು ತಟ್ಟೆಗೆ ಬಂದ ಮೇಲೆ ಈತ ಕೈಮುಗಿದು ತಾನು ಮಾಂಸ ತಿನ್ನುವುದಿಲ್ಲ ಎಂದ. ಆ ಹೆಂಗಸು ಆಮೇಲೆ ಆಡಿದ ಮಾತುಗಳಿಗೆ ಅವನು ನನ್ನ ಹತ್ತಿರ ಬಂದು ಅರ್ಥ ಕೇಳಿದ. ಒಂದಕ್ಕೂ ನಾನು ಅರ್ಥ ಹೇಳಲಿಲ್ಲ.

ಅಂದಿನಿಂದ ನನ್ನ ಮೊದಲ ಪಾಠ ಇದೇ. ಯಾರು ಊಟ ಆಯ್ತಾ ಅಂದರೂ ಆಯ್ತು ಅನ್ನಬೇಕು. ಅಂದ ಕೂಡಲೇ 'ನಿಮ್ದು?' ಎಂದು ತಿರುಗಿ ಕೇಳಬೇಕು. ಅವರೂ ಆಯ್ತು ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು, ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯಬಹುದು. ಯಾರ ಹೊಟ್ಟೆಯೊಳಗೆ ಏನಿದೆ ಎಂಬುದಕ್ಕೂ ಈ ಮಾತಿಗೂ ಸಂಬಂಧವಿಲ್ಲ. ಎಂಜಿನಿಯರ್ ಹುಡುಗನೊಬ್ಬ, 'ಹಸಿದಿದ್ದು ಆಯ್ತು ಅಂದರೆ ಸುಳ್ಳು ಆಗುತ್ತದಲ್ಲ ಮೇಡಂ' ಎಂದ. 'ಹೌ ಆರ್ ಯೂ ಅಂದವರಿಗೆಲ್ಲ ನಿನ್ನ ಮೂಲವ್ಯಾಧಿ ಕಥೆ ಹೇಳ್ತೀಯಾ?' ಎಂದೆ. ಆಮೇಲೆ ಅವನು ತರಗತಿಯಲ್ಲಿ ಬಾಯಿ ತೆರೆದದ್ದು ಕಡಿಮೆ.

ಎರಡನೇ ಪಾಠ, 'ನಮ್ಮ ಮನೆಯ ಊಟ'. ತಮ್ಮ ತಮ್ಮ ಊರಿನ ಊಟದ ಬಗ್ಗೆ ಎದ್ದು ನಿಂತು ಮಾತಾಡಬೇಕು. ಆಮೇಲೆ ಇಲ್ಲಿಯ ಊಟದ ಬಗ್ಗೆ ನಾನು ಹೇಳುತ್ತೇನೆ. ಮುದ್ದೆಯನ್ನು ಅಗಿಯಬಾರದು, ಮುರಿದು ಸಾರಿನಲ್ಲಿ ಹೊರಳಿಸಿ ನುಂಗಬೇಕು. ಬಸ್ಸಾರು ಬೇರೆ, ಉಪ್ಸಾರು ಬೇರೆ. ಇದನ್ನೆಲ್ಲ ಎಷ್ಟು ರುಚಿಕಟ್ಟಾಗಿ ವರ್ಣಿಸುತ್ತೇನೆಂದರೆ ಹುಡುಗರು ಬಾಯಿ ಚಪ್ಪರಿಸುತ್ತಾರೆ. ನಮ್ಮ ಮನೆಯಲ್ಲಿ ಮುದ್ದೆ ಮಾಡುವುದಿಲ್ಲ. ನಮ್ಮದು ದೇವಸ್ಥಾನದ ಬೀದಿ, ಅನ್ನ ತಿಳಿಸಾರಿನ ಮನೆ. ಮುದ್ದೆಯ ಮಟ್ಟಿಗೆ ನನ್ನದು ಬರೀ ಬಾಯಿಮಾತು.

ಒಂದು ದಿನ ಅರಕೆರೆ ಕಡೆಯ ಹಳ್ಳಿಯೊಂದರಿಂದ ಒಬ್ಬ ಮನುಷ್ಯ ಬಂದ. ಊರಿನ ಹೆಸರು ಬೇಡ. ತಲೆ ಅರ್ಧ ನರೆತಿತ್ತು, ಬಿಳಿ ಅಂಗಿಯ ಮೇಲೆ ಹಾಲಿನ ಡೇರಿಯ ವಾಸನೆ ಇತ್ತು. ಹೊಸದಾಗಿ ಮದುವೆಯಾಗಿದ್ದೇನೆ, ಹೆಂಡತಿಗೆ ಕನ್ನಡ ಕಲಿಸಬೇಕು ಎಂದ. ಈ ಕಡೆ ಜಮೀನಿದ್ದು ವಯಸ್ಸು ಮೀರಿದ ಗಂಡಸರಿಗೆ ಹೆಣ್ಣು ಸಿಗುತ್ತಿಲ್ಲ. ಮಧ್ಯವರ್ತಿಗಳು ದೂರದೂರದಿಂದ ತಂದು ಕೂಡಿಸುತ್ತಾರೆ. ಇವನಿಗೆ ಒಡಿಶಾದ ಒಂದು ಹಳ್ಳಿಯಿಂದ ತಂದಿದ್ದರು. ನಾನು ಬಸ್ಸಿನಲ್ಲಿ ಅವರ ಮನೆಗೇ ಹೋಗಿ ಕಲಿಸುವುದು ಎಂದಾಯಿತು.

ನಾಲೆ ನೀರಿನ ಊರು. ಭತ್ತ, ಕಬ್ಬು, ಹಿತ್ತಲಲ್ಲಿ ಕರೆಯುವ ಹಸುಗಳು, ಮುಂದೆ ಟ್ರಾಕ್ಟರು. ಯಾವುದಕ್ಕೂ ಕೊರತೆ ಇದ್ದ ಮನೆಯಲ್ಲ. ಅತ್ತೆ ಅನ್ನಿಸಿಕೊಂಡಾಕೆ ಗಟ್ಟಿ ಹೆಂಗಸು, ಮುಖ ನೋಡಿ ಮಾತಾಡುವವಳು. ಜಗುಲಿಯ ಮೇಲೆ ಚಾಪೆ ಹಾಸಿ ಕೂರಿಸಿ ಮೊದಲ ದಿನವೇ ತನ್ನ ಬೇಡಿಕೆ ಹೇಳಿದಳು. 'ಬೋ ಪಂಡಿತ್ಳು ಮಾಡದೇನ್ ಬ್ಯಾಡ ಮೇಡಮ್ಮ. ಬಯ್ದ್ರೆ ಅರ್ಥ ಆಗ್ಬೇಕು, ಅಷ್ಟು ಕಲ್ಸಿ. ನಾನಿಲ್ಲಿ ಗಂಟ್ಲು ಕಿತ್ಕಂಡು ಬಯ್ತೀನಿ, ಇವ್ಳು ಅಲ್ಲು ಕಿರೀತಾ ನಿಂತಿರ್ತಾಳೆ. ಬಯ್ದಂಗೇ ಆಗಲ್ಲ.'

ಹುಡುಗಿಗೆ ಇಪ್ಪತ್ತು ದಾಟಿರಬಹುದು. ತೆಳ್ಳಗೆ, ಎಣ್ಣೆಗೆಂಪು. ಅರ್ಥವಾಗದ್ದಕ್ಕೆಲ್ಲ ನಗುತ್ತಿದ್ದಳು, ಅದು ನಿಜ. ಆದರೆ ಅಂಥ ಕಿವಿಯನ್ನು ನಾನು ಬ್ಯಾಂಕಿನ ಒಬ್ಬ ಅಧಿಕಾರಿಯಲ್ಲೂ ಕಂಡಿರಲಿಲ್ಲ. ಒಂದು ಸಲ ಹೇಳಿದರೆ ಸಾಕು, ಮುಂದಿನ ಪಾಠದಲ್ಲಿ ಅದನ್ನೇ ನನಗೆ ತಿರುಗಿಸಿ ಹೇಳುತ್ತಿದ್ದಳು, ನನ್ನ ದನಿಯ ಏರಿಳಿತದ ಸಮೇತ. ಊಟ ಆಯ್ತಾ ಪಾಠವನ್ನು ಒಂದೇ ದಿನಕ್ಕೆ ಕಲಿತಳು. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತು, ಕೇಳಿದ ಹೆಂಗಸರಿಗೆಲ್ಲ 'ಆಯ್ತು, ನಿಮ್ದು?' ಎಂದು ತಲೆ ಓರೆ ಮಾಡಿ ಹೇಳುತ್ತಿದ್ದಳಂತೆ. ಬಸ್ ಸ್ಟಾಪಿನಲ್ಲಿ ನನ್ನನ್ನು ನಿಲ್ಲಿಸಿ ಇಬ್ಬರು ಹೆಂಗಸರು, 'ಚೆನ್ನಾಗಿ ಕಲಿಸ್ಕೊಟ್ಟಿದೀರ ಮೇಡಮ್ಮ, ನಮ್ಮೂರ ಎಣ್ಣಂಗೇ ಮಾತಾಡ್ತದೆ' ಎಂದರು. ನನಗೆ ಹಿಗ್ಗಾಯಿತು.

ಪಾಠ ಮುಗಿಯುವ ಹೊತ್ತಿಗೆ ಅಡುಗೆ ಆಗಿರುತ್ತಿತ್ತು. ಅತ್ತೆ ಪ್ರತಿ ಸಲವೂ ಬಾಗಿಲಿಗೆ ಬಂದು, 'ಉಂಡ್ಕಂಡ್ ಓಗಿ ಮೇಡಮ್ಮ' ಅನ್ನುತ್ತಿದ್ದಳು. 'ಆಯ್ತು ಕಣಮ್ಮ, ಮನೇಲೇ ಮುಗಿಸಿಕೊಂಡು ಬಂದೆ' ಎಂದು ನಾನು ಅನ್ನುತ್ತಿದ್ದೆ. ಲೋಟದಲ್ಲಿ ಹಾಲು ಕೊಟ್ಟರೆ ಕುಡಿಯುತ್ತಿದ್ದೆ, ಬಾಳೆಹಣ್ಣು ಕೊಟ್ಟರೆ ತಿನ್ನುತ್ತಿದ್ದೆ. ಅವರ ಮನೆಯ ಎಲೆಯ ಮುಂದೆ ಕೂರುತ್ತಿರಲಿಲ್ಲ. ಯಾಕೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಈಗಿನ ಕಾಲದಲ್ಲಿ ಇಂಥದ್ದನ್ನು ಬಾಯಿಬಿಟ್ಟು ಹೇಳುವವರಿಲ್ಲ. ಬಸ್ಸು ಹಿಡಿದು ಮನೆಗೆ ಬಂದು ಮೂರು ಗಂಟೆಯ ಮೇಲೆ ಉಣ್ಣುತ್ತಿದ್ದೆ.

'ನಮ್ಮ ಮನೆಯ ಊಟ' ಪಾಠದ ದಿನ ಹುಡುಗಿ ಅಲಂಕಾರ ಮಾಡಿಕೊಂಡು ಬಂದಿದ್ದಳು. ಜಗುಲಿಯ ಕಂಬಕ್ಕೆ ಒರಗಿ ನಿಂತು ಅವಳು ಹೇಳಿದ್ದು ನನಗೆ ಇನ್ನೂ ನೆನಪಿದೆ. 'ನಮ್ಮ ಊರಿನಲ್ಲಿ ಅನ್ನ ಮಾಡ್ತೀವಿ. ಅನ್ನಕ್ಕೆ ನೀರು ಹಾಕಿ ರಾತ್ರಿ ಇಡ್ತೀವಿ. ಬೆಳಿಗ್ಗೆ ಸ್ವಲ್ಪ ಹುಳಿ ಆಗ್ತದೆ. ಮೊಸರು ಹಾಕ್ತೀವಿ, ಬದನೆಕಾಯಿ ಸುಡ್ತೀವಿ, ಚಿಕ್ಕ ಮೀನು ಹುರೀತೀವಿ. ಬಿಸಿಲಿನಲ್ಲಿ ತಿಂದರೆ ತುಂಬಾ ಸುಖ. ನಮ್ಮ ಅಮ್ಮ ಕೈಯಿಂದ ತಿನ್ನಿಸ್ತಾಳೆ.' ಒಂದೂ ತಪ್ಪಿಲ್ಲದೆ ಹೇಳಿ ಮುಗಿಸಿ, ನನ್ನ ಮುಖ ನೋಡಿದಳು. ನಾನು ಚಪ್ಪಾಳೆ ತಟ್ಟಿದೆ. ಬಾಗಿಲ ಹಿಂದಿನಿಂದ ಅತ್ತೆಯ ನಗು ಕೇಳಿಸಿತು. 'ಓ, ಅವ್ರೂರಲ್ಲಿ ತಂಗ್ಳು ತಿಂದ್ಕಂಡೇ ಬದ್ಕದಾ! ನಂಗೊತ್ತೇ ಇರ್ನಿಲ್ವಲ್ಲ.'

ಆ ಮನೆಯಲ್ಲಿ ಮುದ್ದೆ ಕಟ್ಟುವುದು ತಲೆ ಎಣಿಸಿ. ಎಷ್ಟು ಜನವೋ ಅಷ್ಟು ಮುದ್ದೆ. ಗಂಡಸರದ್ದಾಗಬೇಕು, ಆಮೇಲೆ ಅತ್ತೆಯದ್ದು, ಎಲ್ಲರ ಕೊನೆಗೆ ಸೊಸೆ. ಮರುದಿನದಿಂದ ಅತ್ತೆ ಒಂದು ಮುದ್ದೆ ಕಡಿಮೆ ಕಟ್ಟತೊಡಗಿದಳು ಎಂಬುದು ನನಗೆ ಆಮೇಲೆ ತಿಳಿಯಿತು. ಸೊಸೆಗೆ ಹಿಂದಿನ ದಿನದ ಅನ್ನ, ಅದಕ್ಕೊಂದಿಷ್ಟು ನೀರು. 'ನಿಮ್ಮೂರ ಊಟ ಕಣೆ, ಉಣ್ಣು' ಎಂದು ಕೊಡುತ್ತಿದ್ದಳು. ಮೊಸರಿಲ್ಲ, ಬದನೆಕಾಯಿ ಇಲ್ಲ. ಹುಡುಗಿ ಮೊದಲು ಇದನ್ನು ಪ್ರೀತಿ ಅಂದುಕೊಂಡಿದ್ದಳು. ನನ್ನ ಹತ್ತಿರ, 'ಅತ್ತೆ ನನಗೆ ನಮ್ಮ ಊರಿನ ಊಟ ಕೊಡ್ತಾರೆ' ಎಂದು ಕಣ್ಣರಳಿಸಿ ಹೇಳಿದಳು. ವಾಕ್ಯ ಸರಿಯಾಗಿತ್ತು, ನಾನು ಭೇಷ್ ಎಂದೆ. ಅವಳು ಬಸುರಿಯಾಗಿ ತಿಂಗಳು ತುಂಬುತ್ತಾ ಬಂದಾಗ ಪಾಠ ನಿಂತಿತು.

ಮತ್ತೆ ಆ ಮನೆಯಿಂದ ಫೋನು ಬಂದದ್ದು ಮಗುವಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ. ಮಾತಾಡಿದವನು ಗಂಡ. 'ನ್ಯಾಯ ಸೇರ್ಸವ್ರೆ ಮೇಡಂ, ನಾಳೆ. ನಿಮ್ಮನ್ನೂ ಕರೀಬೇಕು ಅಂತಾವ್ಳೆ ಇವ್ಳು' ಎಂದ. ಏನಾಯಿತು ಎಂದು ಕೇಳಿದರೆ, ಬನ್ನಿ ಬನ್ನಿ ಎಂದು ಫೋನಿಟ್ಟ. ಮರುದಿನ ಬಸ್ಸಿನಲ್ಲಿ ಆ ಊರಿನ ಅಂಗನವಾಡಿ ಕಾರ್ಯಕರ್ತೆ ಸಿಕ್ಕಿದಳು. ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಹೇಳಿದಳು.

ಮೊದಲ ಬಾಣಂತನ ತವರುಮನೆಯದ್ದು. ಇದು ಇಲ್ಲಿಯ ಪದ್ಧತಿ. ಈ ಹುಡುಗಿಯ ತವರು ರೈಲಿನಲ್ಲಿ ಎರಡು ದಿನದ ಹಾದಿ, ಅವಳ ತಾಯಿಗೆ ಬರುವ ಶಕ್ತಿ ಇಲ್ಲ. ತವರಿನವರು ಮಾಡಬೇಕಾದದ್ದು ನಾವ್ಯಾಕೆ ಮಾಡಬೇಕು ಎಂದು ಅತ್ತೆ ಕೈಕಟ್ಟಿ ಕೂತಳು. ಬಾಣಂತಿಗೆ ತಣ್ಣನೆಯದನ್ನು ಮುಟ್ಟಿಸಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುವ ಹೆಂಗಸು, ಸ್ವಂತ ಸೊಸೆಗೆ ನೀರು ಹಾಕಿದ ಅದೇ ತಂಗಳನ್ನ ಮುಂದುವರಿಸಿದಳು. ಅನ್ನ ಉಳಿಯದ ದಿನ ಅದೂ ಇಲ್ಲ. ಎದೆಹಾಲು ಬತ್ತಿತು. ಅಂಗನವಾಡಿಯಲ್ಲಿ ಮಗುವನ್ನು ತೂಕಕ್ಕೆ ಹಾಕಿದಾಗ ಈ ಕಾರ್ಯಕರ್ತೆಗೆ ಗಾಬರಿಯಾಗಿ, 'ಏನವ್ವಾ, ನೀನು ಏನ್ ಉಣ್ತಿದ್ದೀಯಾ?' ಎಂದು ಬಾಗಿಲು ಹಾಕಿ ಕೇಳಿದಳು. ಹುಡುಗಿ ಅತ್ತುಬಿಟ್ಟು, ಅತ್ತೆ ಊಟ ಇಕ್ಕುವುದಿಲ್ಲ, ಹಿತ್ತಲ ಕೋಣೆಯಲ್ಲಿ ಒಂದು ಒಲೆ ಕೊಡಿಸಿ, ನಾನೇ ಬೇಯಿಸಿಕೊಳ್ಳುತ್ತೇನೆ ಎಂದಳು. ಮಾತು ಊರಿನಲ್ಲಿ ಹರಡಿತು. ಮನೆಯ ಮಾನ ಕಳೆದಳು, ನ್ಯಾಯ ಆಗಲೇಬೇಕು ಎಂದು ಹಟ ಹಿಡಿದವಳು ಅತ್ತೆಯೇ.

'ಒಂದು ಒಲೆ, ಅಷ್ಟೇ ಕೇಳ್ತಿರೋದು ಮೇಡಂ' ಎಂದಳು ಅಂಗನವಾಡಿಯವಳು. 'ಅದು ಸಿಗದಿದ್ರೆ ಆ ಕೂಸು ಉಳಿಯಲ್ಲ.'

ಗುಡಿಯ ಮುಂದಿನ ಕಟ್ಟೆಯ ಮೇಲೆ ಊರ ಯಜಮಾನರು ಕೂತಿದ್ದರು. ಸುತ್ತ ಗಂಡಸರು, ಆಚೆ ಗೋಡೆ ಬದಿಗೆ ಹೆಂಗಸರು. ಹುಡುಗಿ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ನೆಲದ ಮೇಲೆ ಕೂತಿದ್ದಳು. ಅವಳ ಕೆನ್ನೆ ಒಳಗೆ ಹೋಗಿತ್ತು, ಕೂದಲು ಉದುರಿ ಬೈತಲೆ ಅಗಲವಾಗಿತ್ತು. ನನ್ನನ್ನು ಕಂಡು ಎದ್ದು ನಿಲ್ಲಲು ಹೋದಳು, ಕೂರು ಎಂದು ಕೈ ಮಾಡಿದೆ. ನನಗೆ ಒಂದು ಕುರ್ಚಿ ಹಾಕಿದರು.

ಯಜಮಾನರು ನಲ್ಲಿಯ ಹತ್ತಿರದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದರು. ಪಕ್ಕದ ಮನೆಯಾಕೆ ಮೊದಲು ಬಂದಳು. 'ದಿನಾ ಕೇಳ್ತಿದ್ದೆ ಕಣಣ್ಣ. ಊಟ ಆಯ್ತೇನವ್ವಾ ಅಂದ್ರೆ ಆಯ್ತು ಅಂತಿದ್ಲು. ನಿಮ್ದು ಅಂತ ನನ್ನೇ ಕೇಳೋಳು. ನಮ್ಗೇನ್ ಗೊತ್ತು?' ಎದುರು ಮನೆಯಾಕೆ ಅದನ್ನೇ ಹೇಳಿದಳು. ಡೇರಿಯಲ್ಲಿ ಹಾಲು ಅಳೆಯುವವನು ಅದನ್ನೇ ಹೇಳಿದ. ಸಾಲಾಗಿ ಬಂದು ಸಾಲಾಗಿ ಅದೇ ಮಾತು. ಇವರಲ್ಲಿ ಒಬ್ಬರಿಗೂ ಆಯ್ತು ಅನ್ನುವುದಕ್ಕೆ ಅರ್ಥ ಗೊತ್ತಿಲ್ಲದೆ ಇರಲಿಲ್ಲ. ಹುಟ್ಟಿದಾಗಿನಿಂದ ಹಸಿದ ಹೊಟ್ಟೆಯಲ್ಲಿ ಆಯ್ತು ಅಂದುಕೊಂಡು ಬಂದ ಜನ. ಆದರೂ ಅಂದು ಎಲ್ಲರೂ ಅದನ್ನು ದೇವರ ಮುಂದೆ ಆಡಿದ ಮಾತಿನ ಹಾಗೆ ಒಪ್ಪಿಸಿದರು. ಅತ್ತೆಗೆ ಊರಲ್ಲಿ ನೆಂಟರಿದ್ದರು, ಈ ಹುಡುಗಿಗೆ ಯಾರಿದ್ದರು?

'ಅಲ್ಲಾ ಕಣವ್ವ, ದಿನಾ ಆಯ್ತು ಅಂದಿದ್ದೀಯೆ, ಈಗ ಇಕ್ಕಲ್ಲ ಅಂತೀಯೆ. ಯಾವ್ದವ್ವ ಸುಳ್ಳು?' ಎಂದರು ಯಜಮಾನರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಾಕಷ್ಟು ಉಂಡ ಮನುಷ್ಯನ ದನಿ.

ಹುಡುಗಿ ನನ್ನ ಕಡೆ ನೋಡಿದಳು. 'ಆಯ್ತು ಅಂತ ಹೇಳ್ಬೇಕು, ಮೇಡಂ ಕಲಿಸಿದ್ದಾರೆ. ಎಲ್ಲರಿಗೂ ಹಾಗೇ ಹೇಳ್ಬೇಕು ಅಂದಿದ್ದಾರೆ.'

ಎಲ್ಲರ ಕಣ್ಣೂ ನನ್ನ ಮೇಲೆ. ಅದನ್ನು ನಾನು ಕಲಿಸಿದ್ದು ನಿಜ, ಸರಿಯಾಗಿಯೇ ಕಲಿಸಿದ್ದೆ. ಈಗಲೂ ಹಾಗೇ ಕಲಿಸುತ್ತೇನೆ. ನಾನು ಎದ್ದು ನಿಂತು ಹೈಸ್ಕೂಲಿನ ದನಿಯಲ್ಲೇ ಹೇಳಿದೆ. 'ಯಜಮಾನರೇ, ಅದು ಕ್ಷೇಮ ವಿಚಾರಿಸುವ ಮಾತು. ಅದನ್ನು ಸಾಕ್ಷಿ ಅಂತ ತಗೋಬೇಡಿ. ಈಗ ಮಧ್ಯಾಹ್ನ ಆಗಿದೆ, ಇಲ್ಲಿ ನೀವು ಬಂದಾಗಿನಿಂದ ಎಷ್ಟು ಜನ ಒಬ್ಬರನ್ನೊಬ್ಬರು ಊಟ ಆಯ್ತಾ ಅಂತ ಕೇಳಿದ್ದೀರಿ? ಎಲ್ಲರೂ ಆಯ್ತು ಅಂದಿದ್ದೀರಿ. ಯಾರು ಉಂಡು ಬಂದಿದ್ದೀರಿ, ಕೈ ಎತ್ತಿ ನೋಡೋಣ.'

ಹಿಂದೆ ಕೂತಿದ್ದ ಇಬ್ಬರು ಹುಡುಗರು ನಕ್ಕರು. ಯಾರ ಕೈಯೂ ಮೇಲೇಳಲಿಲ್ಲ. ಒಂದು ಗಳಿಗೆ ನಾನು ಗೆದ್ದೆ ಅಂದುಕೊಂಡೆ. ಯಜಮಾನರು ಗಡ್ಡ ಕೆರೆದುಕೊಂಡು ಹುಡುಗಿಯ ಕಡೆ ತಿರುಗಿದ್ದರು, ಏನೋ ಕೇಳುವುದರಲ್ಲಿದ್ದರು.

ಆಗ ಅತ್ತೆ ಗೋಡೆ ಬದಿಯಿಂದ ಮುಂದೆ ಬಂದಳು. 'ಅಂಗಾದ್ರೆ ಒಂದ್ ಮಾತು ಕೇಳ್ತೀನಿ ಮೇಡಮ್ಮ. ನೀವು ನಮ್ಮನೇಗೆ ಬಂದಾಗೆಲ್ಲ ಉಂಡ್ಕಂಡ್ ಓಗಿ ಅಂತ ಕರೀತಿದ್ದೆ. ಮನೇಲೇ ಆಯ್ತು ಅಂತಿದ್ರಿ. ಅದೂ ಸುಳ್ಳಾ?'

ಇಲ್ಲ ಅಂದರೆ ಹುಡುಗಿ ಮುಳುಗುತ್ತಾಳೆ. ಹೌದು ಅಂದರೆ ಏನಾಗುತ್ತದೆ ಎಂದು ಅತ್ತೆ ಮೊದಲೇ ಲೆಕ್ಕ ಹಾಕಿದ್ದಳು. ಅವಳ ಕಣ್ಣಿನಲ್ಲಿ ಅದು ಕಾಣುತ್ತಿತ್ತು. ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. 'ಹೌದು, ಸುಳ್ಳೇ' ಎಂದೆ. 'ನಾನು ಉಂಡು ಬರುತ್ತಿರಲಿಲ್ಲ.'

'ಕೇಳ್ಕಂಡ್ರಾ?' ಎಂದಳು ಅವಳು ಊರಿನ ಕಡೆ ತಿರುಗಿ. 'ಅಸ್ಕಂಡಿದ್ರೂ ನಮ್ಮನೆ ಅನ್ನ ಇವ್ರ ಬಾಯ್ಗೆ ಓಗಲ್ಲ. ಅಂಥೋರು ಬಂದು ನಮ್ಮನೆ ಊಟದ್ ನ್ಯಾಯ ಏಳ್ತಾವ್ರೆ.'

ಅಲ್ಲಿಗೆ ಎಲ್ಲಾ ಮುಗಿಯಿತು. ಕಟ್ಟೆಯ ಮೇಲೆ ಕೂತಿದ್ದವರ ಮುಖ ಬಿಗಿಯಿತು. ಒಬ್ಬ, 'ಓ, ನಮ್ ರಾಗಿ ಇಟ್ಟು ಇವ್ರಿಗೆ ಆಗಲ್ವಂತೆ ಕಣ್ಲಾ' ಎಂದ. ಇನ್ನೊಬ್ಬ, 'ಪಟ್ಣದ್ ಬೀದಿಯೋರು ಕಣ್ಲಾ, ಅವ್ರ ಮಡಿ ಅವ್ರಿಗೆ' ಎಂದ. ಮತ್ತೊಬ್ಬ ನನ್ನ ಅಜ್ಜಂದಿರ ಕಾಲದ ಯಾವುದೋ ಗೇಣಿ ಜಗಳ ತೆಗೆದ. ಹುಡುಗಿಯ ಬತ್ತಿದ ಎದೆ ಯಾರಿಗೂ ಬೇಡವಾಯಿತು. ಆ ಊರಿನ ಊಟವನ್ನು ನಾನು ಕೀಳಾಗಿ ಕಂಡೆನೋ ಇಲ್ಲವೋ ಅನ್ನುವುದೇ ನ್ಯಾಯವಾಯಿತು. ನಾನು ಎಷ್ಟು ಕೂಗಿದರೂ ಕೇಳಲಿಲ್ಲ. ಅಂಗನವಾಡಿಯವಳು ತೂಕದ ಮಾತೆತ್ತಿದಾಗ, 'ನಿನ್ ಕೆಲ್ಸ ನೋಡ್ಕ ಓಗವ್ವ' ಎಂದರು. ಗಂಡ ಕಟ್ಟೆಯ ತುದಿಯಲ್ಲಿ ನಿಂತು ಚಪ್ಪಲಿಯಿಂದ ಮಣ್ಣು ಕೆದಕುತ್ತಿದ್ದ. ಅವನಿಗೆ ಒಂದು ಮಾತೂ ಬರಲಿಲ್ಲ. ಅವನಿಗೂ ನಾನೇ ಕನ್ನಡ ಕಲಿಸಬೇಕಿತ್ತೇನೋ.

ಹುಡುಗಿ ಕೊನೆಯ ಸಲ ಕೇಳಿದಳು. 'ಹಿತ್ತಲಲ್ಲಿ ಒಂದು ಒಲೆ ಕೊಡಿ. ನಾನೇ ಬೇಯಿಸ್ತೀನಿ. ಯಾರನ್ನೂ ಏನೂ ಕೇಳಲ್ಲ.'

'ಬ್ಯಾರೆ ಒಲೆ ಅಂದ್ರೆ ಮನೆ ಒಡೆದಂಗೆ ಕಣವ್ವ' ಎಂದರು ಯಜಮಾನರು. 'ಅದಾಗಲ್ಲ. ಇಂಗ್ ಮಾಡಿ. ಇವತ್ತಿಂದ ಇವ್ಳಿಗೆ ಒಳಗೆ ಇಕ್ಬ್ಯಾಡಿ. ಒತ್ತೊತ್ತಿಗೂ ಜಗ್ಲಿ ಮೇಲೆ ಕೂರ್ಸಿ ಇಕ್ಕಿ. ಬೀದಿಯೋರೆಲ್ಲ ನೋಡ್ಲಿ. ಇಕ್ಕಿದ್ರೋ ಇಲ್ವೋ ಅನ್ನೋ ಮಾತೇ ಇರಬಾರ್ದು.'

ಎಲ್ಲರೂ ಹೂಂ ಅಂದರು. ಅವರವರಿಗೆ ಅದು ದೊಡ್ಡ ಧರ್ಮದ ತೀರ್ಪಿನ ಹಾಗೆ ಕಂಡಿತು. ನಾಯಿಗೆ ಹಾಕುವುದೂ ಹಾಗೇ, ಬಾಗಿಲ ಹೊರಗೆ. ಅದನ್ನು ನಾನು ಬಾಯಿಬಿಟ್ಟೇ ಹೇಳಿದೆ. ಯಜಮಾನರು ಕೇಳಿಸದವರಂತೆ ಎದ್ದು ಟವೆಲು ಕೊಡವಿದರು. ಅತ್ತೆ ಸೊಸೆಯ ರಟ್ಟೆ ಹಿಡಿದು ಎಬ್ಬಿಸಿ, 'ಬಾ ಮಗಾ, ಊರ್ ಮುಂದೇನೇ ಉಣ್ಣುವಂತೆ' ಎಂದಳು.

ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಆ ಮನೆಯ ಎದುರಿನ ಹೊಂಗೆ ಮರದ ಕೆಳಗೆ ನಿಂತೆ. ಕೂರು ಎಂದು ಯಾರೂ ಅನ್ನಲಿಲ್ಲ. ಕಟ್ಟೆಯಿಂದ ಎದ್ದವರಲ್ಲಿ ಅರ್ಧ ಜನ ಮನೆಗೆ ಹೋಗದೆ ಅಲ್ಲಿಗೇ ಬಂದರು. ಹೆಂಗಸರು ಸೊಂಟದ ಮೇಲೆ ಕೈಯಿಟ್ಟು ಸಾಲಾಗಿ ನಿಂತರು. ಹುಡುಗಿ ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತಳು, ಮಗು ತೊಡೆಯ ಮೇಲೆ. ಅತ್ತೆ ದೊಡ್ಡ ತಟ್ಟೆಯಲ್ಲಿ ಹೊಗೆಯಾಡುವ ಮುದ್ದೆ, ಬಸ್ಸಾರು, ಪಲ್ಯ ತಂದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಮುಂದಿಟ್ಟಳು. 'ನೋಡ್ಕಳ್ರಪ್ಪ, ಇಕ್ಕಿದ್ದೀನಿ' ಎಂದಳು. ಒಬ್ಬಾಕೆ ಮೊಬೈಲು ತೆಗೆದಳು.

ಇಷ್ಟು ಜನರ ಕಣ್ಣೆದುರು ಯಾವ ಹೆಣ್ಣುಮಗಳಿಗೆ ತುತ್ತು ಇಳಿದೀತು? ಅತ್ತೆ ನಂಬಿದ್ದು ಅದನ್ನೇ. ನಾಚಿಕೊಂಡು ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾಳೆ, ಆಗ ಊರಿಗೆ ಹೇಳಬಹುದು, ಇಕ್ಕಿದರೂ ಉಣ್ಣಲ್ಲ ಎಂದು. ನಾನೂ ಹಾಗೇ ಅಂದುಕೊಂಡೆ.

ಹುಡುಗಿ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿದಳು. ತಲೆ ಎತ್ತಲಿಲ್ಲ. ಬೆರಳು ಒಂದು ಗಳಿಗೆಯೂ ನಿಲ್ಲಲಿಲ್ಲ. ಮುದ್ದೆ ಮುಗಿಯಿತು, ಪಲ್ಯ ಮುಗಿಯಿತು. ತಟ್ಟೆಯನ್ನು ಓರೆ ಮಾಡಿ ಸಾರು ಕುಡಿದಳು. ಅತ್ತೆ ತಟ್ಟೆ ತೆಗೆದುಕೊಳ್ಳಲು ಬಗ್ಗಿ, 'ಸಾಕಲ್ವಾ ಮಗಾ?' ಎಂದಳು.

'ಸಾಲ್ದು' ಎಂದಳು ಹುಡುಗಿ.

ಜನ ಗೊಳ್ಳೆಂದು ನಕ್ಕರು. ಈ ಸೀಮೆಯಲ್ಲಿ ಬಡಿಸುವವರ ಮುಖಕ್ಕೆ ಹಾಗೆ ಹೇಳಿದ ಸೊಸೆಯನ್ನು ನಾನು ನೋಡಿಲ್ಲ. ನನ್ನ ಯಾವ ಪಾಠದಲ್ಲೂ ಆ ಮಾತಿರಲಿಲ್ಲ. ಅತ್ತೆಯೂ ನಕ್ಕಳು, ಒಳಗೆ ಹೋಗಿ ಮತ್ತೊಂದು ಮುದ್ದೆ ತಂದಳು. ತಲೆ ಎಣಿಸಿ ಕಟ್ಟುವ ಮನೆ, ಅದು ಮನೆಯ ಗಂಡಸರಲ್ಲಿ ಯಾರದ್ದೋ ಇರಬೇಕು. ಹುಡುಗಿ ಅದನ್ನೂ ಉಂಡಳು. ಬೆವರು ಅವಳ ಕುತ್ತಿಗೆಯ ಮೇಲೆ ಹರಿಯುತ್ತಿತ್ತು.

'ಸಾಲ್ದು ಕಣತ್ತೆ. ಇನ್ನೊಂದಿಕ್ಕಿ.'

ಈ ಸಲ ನಕ್ಕವರು ಕಡಿಮೆ. ಮುಂದಿನ ಮುದ್ದೆ ಬಂದಾಗ ಅತ್ತೆಯ ಮುಖ ಬಿಗಿದಿತ್ತು. ಅದು ಮುಗಿದ ಮೇಲೆ ಅನ್ನ ಕೇಳಿದಳು, ಬಂತು. ಮಜ್ಜಿಗೆ ಕೇಳಿದಳು, ಬಂತು. ಮತ್ತೆ ಸಾಲ್ದು ಎಂದಳು. ನಗು ಪೂರ್ತಿ ನಿಂತಿತ್ತು. ಒಬ್ಬೊಬ್ಬರೇ ಹೆಂಗಸರು ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡತೊಡಗಿದರು. ಮೊಬೈಲು ಹಿಡಿದಿದ್ದವಳು ಅದನ್ನು ರವಿಕೆಯೊಳಗೆ ಇಟ್ಟುಕೊಂಡಳು. ಕೊನೆಗೆ ಅತ್ತೆ ಅನ್ನದ ಪಾತ್ರೆಯನ್ನೇ ಹೊರಗೆ ತಂದು ಎಲ್ಲರ ಎದುರು ಬೋರಲು ಹಿಡಿದು, 'ಇಲ್ಲ, ಮುಗೀತು' ಎನ್ನಬೇಕಾಯಿತು.

ಹುಡುಗಿ ಕೈ ತೊಳೆದುಕೊಂಡು, ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ಮಗು ಬಾಯಿ ಹಾಕಿತು, ಎಳೆಯಿತು, ಬಿಟ್ಟಿತು, ಅಳತೊಡಗಿತು. ಹಾಲು ಅಷ್ಟು ಬೇಗ ಇಳಿಯುವುದಿಲ್ಲ. ಅವಳು ಮಗುವನ್ನು ಇನ್ನೊಂದು ಪಕ್ಕಕ್ಕೆ ಹಾಕಿಕೊಂಡು, ಖಾಲಿ ಪಾತ್ರೆ ಹಿಡಿದು ನಿಂತಿದ್ದ ಅತ್ತೆಯನ್ನು ಕೇಳಿದಳು, 'ರಾತ್ರಿ ಎಷ್ಟೊತ್ತಿಗೆ ಇಕ್ತೀರಾ?'